ಹೆದರಿಕೆ ಮನಸ್ಸಿನಲ್ಲಿ ಬೇರು ಬಿಟ್ಟಿದೆಯೆ? ಐದು ಪ್ರಶ್ನೆಗಳಿಂದ ತಿಳಿಯುವ ಬಗೆ



ಹೊಲದಲ್ಲಿ ಹಾವು ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿ ವಿಷಕ್ಕೆ ತಕ್ಕ ಮದ್ದನ್ನು ಚುಚ್ಚುತ್ತಾರೆ, ಜೀವ ಉಳಿಯುತ್ತದೆ. ಕಾಲಿನ ಬಾವು ಇಳಿದು, ಗಾಯ ಮಾಯ್ದು, ಮನುಷ್ಯ ಮನೆಗೆ ಬಂದನೆಂದರೆ ಎಲ್ಲವೂ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಕೆಲವರ ಪಾಲಿಗೆ ಅದು ಮುಗಿದಿರುವುದಿಲ್ಲ. ಆರು ತಿಂಗಳಾದರೂ ಅವರು ಆ ಹೊಲದ ಕಡೆ ಕಾಲಿಡುವುದಿಲ್ಲ. ರಾತ್ರಿ ಬೆಚ್ಚಿ ಎದ್ದು ಕೂಡುತ್ತಾರೆ. ಹಗ್ಗದ ತುಂಡು ಕಂಡರೂ ಎದೆ ಹೊಡೆದುಕೊಳ್ಳುತ್ತದೆ. ಮನೆಯವರು ಪುಕ್ಕಲನೆನ್ನುತ್ತಾರೆ, ನೆರೆಯವರು ಮೈಗಳ್ಳನೆನ್ನುತ್ತಾರೆ, ಹಿರಿಯರು ಗಾಳಿ ಸೋಕಿದೆ ಎನ್ನುತ್ತಾರೆ.

ನಮ್ಮ ನೆರೆಯ ಶ್ರೀಲಂಕದಲ್ಲಿ ಹಾವು ಕಚ್ಚಿ ಬದುಕುಳಿದ 88 ಮಂದಿಯನ್ನು, ಕಚ್ಚಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ವೈದ್ಯರು ಮಾತನಾಡಿಸಿ ನೋಡಿದರು. 2011ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆ 88 ಮಂದಿಯಲ್ಲಿ 19 ಮಂದಿಗೆ ಮನಸ್ಸಿನ ಒಂದು ನಿರ್ದಿಷ್ಟ ಕಾಯಿಲೆ ಇತ್ತು. ಅಂದರೆ ಐವರಲ್ಲಿ ಒಬ್ಬರಿಗೆ ಎಂದು ತಿಳಿಯಿರಿ. ವಿಷ ಇಳಿದಿತ್ತು, ಹೆದರಿಕೆ ಇಳಿದಿರಲಿಲ್ಲ.

ಈ ಕಾಯಿಲೆಯನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಕರೆಯುತ್ತಾರೆ. ವೈದ್ಯರು ಚಿಕ್ಕದಾಗಿ ಪಿ.ಟಿ.ಎಸ್.ಡಿ. ಎನ್ನುವುದುಂಟು. ಇದು ಇರಬಹುದೆ ಎಂಬುದನ್ನು ಕೆಲವೇ ನಿಮಿಷಗಳಲ್ಲಿ, ಕೆಲವೇ ಪ್ರಶ್ನೆಗಳಿಂದ ಊಹಿಸುವ ಬಗೆಯೊಂದಿದೆ. ಆ ಬಗೆ ಏನು, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇದು ಎಂಥ ಕಾಯಿಲೆ?

ಜೀವಕ್ಕೆ ಎರವಾಗುವಂಥ ಘಟನೆಯನ್ನು ಅನುಭವಿಸಿದವರಲ್ಲಿ, ಕಣ್ಣಾರೆ ಕಂಡವರಲ್ಲಿ ಇದು ಕಾಣಿಸಿಕೊಳ್ಳಬಹುದು. ಯುದ್ಧ, ನೆರೆ, ಭೂಕಂಪ, ಬೆಂಕಿ, ರಸ್ತೆ ಅಪಘಾತ, ಹೊಡೆದಾಟ, ಹೆಂಗಸರ ಮೇಲಿನ ಅತ್ಯಾಚಾರ ಇವೆಲ್ಲ ಇಂಥ ಘಟನೆಗಳೇ. ಹಳ್ಳಿಗಳಲ್ಲಿ ಇವುಗಳ ಜೊತೆಗೆ ಟ್ರ್ಯಾಕ್ಟರ್ ಮಗುಚುವುದು, ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕುವುದು, ಆನೆಯ ದಾಳಿ, ಸಿಡಿಲು, ಹಾವಿನ ಕಡಿತ ಇವೂ ಸೇರುತ್ತವೆ.

ಇಂಥ ಘಟನೆಯಾದ ಮೊದಲ ಕೆಲವು ದಿನ, ಕೆಲವು ವಾರ, ನಿದ್ರೆ ಕೆಡುವುದು, ಅಳು ಬರುವುದು, ಬೆಚ್ಚಿಬೀಳುವುದು ಸಹಜ. ಅದು ಕಾಯಿಲೆಯಲ್ಲ. ಹೆಚ್ಚಿನ ಜನ ಮನೆಮಂದಿಯ ಆಸರೆಯಿಂದ, ದಿನದ ಕೆಲಸದಿಂದ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಒಂದು ತಿಂಗಳು ಮೀರಿದರೂ ಈ ತೊಂದರೆಗಳು ಹೋಗದೆ, ದುಡಿಮೆಗೂ ಸಂಸಾರಕ್ಕೂ ಅಡ್ಡಿಯಾದರೆ, ಆಗ ಇದನ್ನು ಕಾಯಿಲೆಯೆಂದು ಸಂಶಯಿಸಬೇಕು.

ಇದು ಹೊಸದಾಗಿ ಹುಟ್ಟಿದ್ದೇನೂ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಗುಂಡಿನ ಗಾಯವಿಲ್ಲದಿದ್ದರೂ ನೆನಪು, ದೃಷ್ಟಿ ಕಳೆದುಕೊಂಡ ಸೈನಿಕರನ್ನು ಕಂಡು 1915ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಮಯರ್ಸ್ ಎಂಬ ವೈದ್ಯರು ಲೇಖನ ಬರೆದರು. ಆಗ ಅದನ್ನು ಷೆಲ್ ಷಾಕ್ ಎನ್ನುತ್ತಿದ್ದರು. ಹೇಡಿಗಳೆಂದು ಹೆಸರು ಪಡೆದವರೂ ಉಂಟು. ವಿಯಟ್ನಾಂ ಯುದ್ಧದಿಂದ ಹಿಂತಿರುಗಿದ ಸೈನಿಕರ ಅನುಭವವೂ ಸೇರಿ, 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಈಗಿನ ಹೆಸರನ್ನು ಕೊಟ್ಟರು. ಹೇಡಿತನವೆಂದು ಕರೆದದ್ದಕ್ಕೆ ಕಾಯಿಲೆಯೆಂಬ ಹೆಸರು ಬರಲು 65 ವರ್ಷ ಹಿಡಿಯಿತು.

ಚಿಕ್ಕ ಪರೀಕ್ಷೆ ಏತಕ್ಕೆ ಬೇಕಾಯಿತು?

ಈ ಕಾಯಿಲೆಗೆ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇಯಲ್ಲೂ ಕಾಣದು. ಕೇಳಿಯೇ ತಿಳಿಯಬೇಕು. ಹಾಗೆ ಪೂರ್ತಿಯಾಗಿ ಕೇಳಿ ತಿಳಿಯುವ ಕ್ರಮವೊಂದನ್ನು ಅಮೆರಿಕದಲ್ಲಿ 1990ರ ಹೊತ್ತಿಗೆ ರೂಪಿಸಿದರು. ಅದರ ಈಗಿನ ರೂಪದಲ್ಲಿ 30 ಅಂಶಗಳಿವೆ. ತರಬೇತಿ ಪಡೆದವರು ಒಬ್ಬರನ್ನೇ ಕೂರಿಸಿಕೊಂಡು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಮಾತನಾಡಿಸಬೇಕು. ಪರೀಕ್ಷೆ ಚೆನ್ನಾಗಿದೆ. ಆದರೆ ಬೆಳಗಿನಿಂದ ನೂರು ಜನ ಸಾಲು ನಿಂತ ಆರೋಗ್ಯ ಕೇಂದ್ರದಲ್ಲಿ ಇಷ್ಟು ಹೊತ್ತು ಯಾರಿಗೆ ಇದೆ? ನೆರೆ ಬಂದು ಹತ್ತು ಹಳ್ಳಿ ಮುಳುಗಿದಾಗ ಎಲ್ಲರನ್ನೂ ಹೀಗೆ ಕೂರಿಸಿ ಕೇಳಲು ಆದೀತೆ?

ಮನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ ನೋಡಿ. ಚೀಲದ ಕಾಳನ್ನೆಲ್ಲ ಒಂದೊಂದಾಗಿ ಆರಿಸುತ್ತ ಕೂರುವುದಿಲ್ಲ. ಮೊದಲು ಜರಡಿ ಹಿಡಿಯುತ್ತಾರೆ. ಆಮೇಲೆ ಉಳಿದದ್ದನ್ನು ಮೊರದಲ್ಲಿ ಹರಡಿ ಕೈಯಿಂದ ಆರಿಸುತ್ತಾರೆ. ಚಿಕ್ಕ ಪರೀಕ್ಷೆಯೆಂದರೆ ಜರಡಿ. ದೊಡ್ಡ ಪರೀಕ್ಷೆಯೆಂದರೆ ಕೈಯಿಂದ ಆರಿಸುವುದು. ಎರಡೂ ಬೇಕು, ಒಂದರ ಕೆಲಸವನ್ನು ಇನ್ನೊಂದು ಮಾಡದು.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಗಾಗಿ 2003ರಲ್ಲಿ ನಾಲ್ಕು ಪ್ರಶ್ನೆಗಳ ಜರಡಿಯೊಂದನ್ನು ಸಿದ್ಧಪಡಿಸಿದರು. ಜ್ವರಕ್ಕೆಂದೋ ಮೊಣಕಾಲು ನೋವಿಗೆಂದೋ ಬಂದವನನ್ನೂ ಈ ನಾಲ್ಕು ಮಾತು ಕೇಳಬಹುದಾಗಿತ್ತು. 2013ರಲ್ಲಿ ರೋಗದ ವಿವರಣೆಯನ್ನು ತಿದ್ದಿದಾಗ, ತನ್ನನ್ನು ತಾನೇ ದೂಷಿಸಿಕೊಳ್ಳುವ ಲಕ್ಷಣವನ್ನೂ ಅದರಲ್ಲಿ ಸೇರಿಸಿದರು. ಆದುದರಿಂದ ಜರಡಿಗೂ ಐದನೆಯ ಪ್ರಶ್ನೆ ಸೇರಿತು. ಅದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು.

ಐದು ಪ್ರಶ್ನೆಗಳು ಯಾವುವು?

ಮೊದಲು, ಜೀವಕ್ಕೆ ಅಪಾಯ ತರುವಂಥ ಘಟನೆ ಯಾವಾಗಲಾದರೂ ನಡೆದಿದೆಯೆ ಎಂದು ಕೇಳುತ್ತಾರೆ. ಇಲ್ಲವೆಂದರೆ ಅಲ್ಲಿಗೇ ಮುಗಿಯಿತು. ಹೌದೆಂದರೆ, ಕಳೆದ ಒಂದು ತಿಂಗಳನ್ನು ಕುರಿತು ಈ ಐದು ಸಂಗತಿಗಳನ್ನು ಕೇಳುತ್ತಾರೆ. ಮಾತಿನ ಭಾವವನ್ನಷ್ಟೇ ಇಲ್ಲಿ ಕೊಟ್ಟಿದೆ.

1. ಆ ಘಟನೆ ಕೆಟ್ಟ ಕನಸಾಗಿ ಬಂದಿದೆಯೆ? ಬೇಡವೆಂದರೂ ನೆನಪಾಗಿ ಕಾಡಿದೆಯೆ?

2. ಅದನ್ನು ನೆನೆಯದಿರಲು ಬಹಳ ಪ್ರಯತ್ನಪಟ್ಟಿದ್ದೀರಾ? ಅದನ್ನು ನೆನಪಿಸುವ ಜಾಗ, ಕೆಲಸಗಳಿಂದ ದೂರ ಉಳಿದಿದ್ದೀರಾ?

3. ಯಾವಾಗಲೂ ಕಾವಲು ಕಾಯುವವರಂತೆ ಎಚ್ಚರವಾಗಿ ಇದ್ದೀರಾ? ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತೀರಾ?

4. ಮನಸ್ಸು ಮರಗಟ್ಟಿದಂತೆ, ಜನರಿಂದ, ಕೆಲಸದಿಂದ, ಸುತ್ತಲಿನ ಲೋಕದಿಂದ ಬೇರೆಯಾದಂತೆ ಅನ್ನಿಸಿದೆಯೆ?

5. ನಡೆದುದಕ್ಕೆ ನಿಮ್ಮನ್ನಾಗಲಿ ಇತರರನ್ನಾಗಲಿ ದೂಷಿಸುತ್ತಲೇ ಇದ್ದೀರಾ? ತಪ್ಪು ನನ್ನದೇ ಎಂಬ ಕೊರಗು ಬಿಡದೆ ಇದೆಯೆ?

ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರ. ಒಂದು ಹೌದಿಗೆ ಒಂದು ಅಂಕ. ಘಟನೆಯ ಕಥೆಯನ್ನು ಬಿಚ್ಚಿ ಹೇಳಬೇಕಾಗಿಲ್ಲ ಎಂಬುದನ್ನು ಗಮನಿಸಿರಿ. ಇದು ಈ ಪರೀಕ್ಷೆಯ ದೊಡ್ಡ ಗುಣ.

ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯೊಬ್ಬಳು ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡ ರೈತನನ್ನು ಕೇಳಿದರೆ ಮಾತು ಹೀಗೆ ನಡೆದೀತು:

"ಅಣ್ಣಾ, ಒಂದೈದು ಮಾತು ಕೇಳ್ತೀನಿ. ಹೌದು, ಇಲ್ಲ ಅಂದ್ರೆ ಸಾಕು. ಹೇಳೋಕೆ ಇಷ್ಟ ಇಲ್ದಿದ್ರೆ ಬಿಡಿ. ನೀವು ಹೇಳಿದ್ದು ಊರಲ್ಲಿ ಯಾರ ಕಿವಿಗೂ ಬೀಳಲ್ಲ."

"ಕೇಳವ್ವ."

"ಈ ಒಂದು ತಿಂಗಳಲ್ಲಿ ಆ ಹಾವಿನ ವಿಷಯ ಕನಸಲ್ಲಿ ಬಂದದ್ದು, ಬೇಡ ಅಂದ್ರೂ ನೆನಪಾದದ್ದು ಉಂಟಾ?"

"ವಾರಕ್ಕೆ ಮೂರು ಸಲನಾದ್ರೂ ಎದ್ದು ಕೂತ್ಕೋತೀನಿ. ಹೌದು ಅಂತ ಬರ್ಕೊ."

"ಅದು ನೆನಪಾಗದೆ ಇರ್ಲಿ ಅಂತ ಏನಾದ್ರೂ ಬಿಟ್ಟಿದೀರಾ?"

"ಗದ್ದೆಗೆ ಇಳಿಯೋದೇ ಬಿಟ್ಟೆ. ಈ ಸಲ ಕಬ್ಬು ಕೂಲಿಯವರ ಕೈಲಿ ಕಡಿಸಿದೆ."

"ಸದಾ ಎಚ್ಚರವಾಗಿರೋದು, ಬೆಚ್ಚಿಬೀಳೋದು?"

"ಒಣ ಗರಿ ಅಲ್ಲಾಡಿದ್ರೂ ಸಾಕು."

"ಮನೆಯವರು, ನೆಂಟರು ಯಾರೂ ಬೇಡ ಅನ್ನಿಸೋದು?"

"ಅದಿಲ್ಲ. ಮಗಳು ಹತ್ರ ಬಂದು ಕೂತ್ರೆ ಸಮಾಧಾನ ಆಗ್ತದೆ."

"ನನ್ನಿಂದಲೇ ಹೀಗಾಯ್ತು ಅಂತ ಕೊರಗೋದು?"

"ಬ್ಯಾಟರಿ ತಗೊಂಡು ಹೋಗಿ ಅಂದಿದ್ಲು ನಮ್ಮವಳು. ನಾನೇ ಕೇಳ್ಲಿಲ್ಲ. ದಿನಾ ಅದೇ ಯೋಚನೆ."

"ಕಾಯಿಲೆ ಇದೆ ಅಂತ ನಾನು ಹೇಳೋಕಾಗಲ್ಲ ಅಣ್ಣಾ. ಆದ್ರೆ ಡಾಕ್ಟರ ಹತ್ರ ಒಂದ್ಸಲ ಕೂತು ಮಾತಾಡೋದು ಒಳ್ಳೇದು. ನಾನೂ ಜೊತೇಲಿ ಬರ್ತೀನಿ."

ಐದರಲ್ಲಿ ನಾಲ್ಕು ಹೌದು ಬಂತು. ಕಾರ್ಯಕರ್ತೆ ಕಾಯಿಲೆಯ ಹೆಸರು ಹೇಳಲಿಲ್ಲ, ಧೈರ್ಯ ತಂದುಕೊಳ್ಳಿ ಎಂದು ಉಪದೇಶವನ್ನೂ ಮಾಡಲಿಲ್ಲ. ದಾರಿ ತೋರಿಸಿದಳು. ಜರಡಿಯ ಕೆಲಸ ಅಷ್ಟೇ.

ಜರಡಿಯ ಲೆಕ್ಕ

ಎಷ್ಟು ಹೌದು ಬಂದರೆ ವೈದ್ಯರಲ್ಲಿಗೆ ಕಳುಹಿಸಬೇಕು? ಜರಡಿಯ ಕಣ್ಣು ಎಷ್ಟಿರಬೇಕೆಂದು ಕೇಳಿದಂತೆಯೇ ಇದು. 2016ರ ಪರೀಕ್ಷೆಯಲ್ಲಿ, 3 ಅಂಕಕ್ಕೆ ಗೆರೆ ಎಳೆದರೆ ಕಾಯಿಲೆಯವರು ತಪ್ಪಿಹೋಗುವುದು ಬಹಳ ಕಡಿಮೆಯೆಂದು ಕಂಡಿತು. 4 ಅಂಕಕ್ಕೆ ಎಳೆದರೆ ಕಾಯಿಲೆಯಿಲ್ಲದವರು ಸುಮ್ಮನೆ ಸಿಕ್ಕಿಬೀಳುವುದು ಕಡಿಮೆಯಾಯಿತು. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 4ರ ಗೆರೆ ಗಂಡಸರಿಗೆ ಸರಿಹೋಯಿತು. ಹೆಂಗಸರಲ್ಲಿ ಮಾತ್ರ ಬಹಳ ಮಂದಿ ಕಾಯಿಲೆಯವರನ್ನು ಅದು ಬಿಟ್ಟುಬಿಟ್ಟಿತು. ಆದುದರಿಂದ ಹೆಂಗಸರಿಗೆ 3ರ ಗೆರೆ ಮೇಲೆಂದು ತೋರಿತು. ಒಂದೇ ಜರಡಿ ಎಲ್ಲ ಕಾಳಿಗೂ ಆಗದು.

ಈಗ ಒಂದು ಲೆಕ್ಕ ಮಾಡೋಣ. ಇದು ತಿಳಿವಳಿಕೆಗಾಗಿ ಹಿಡಿದ ಲೆಕ್ಕವೇ ಹೊರತು ಯಾವ ಊರಿನದೂ ಅಲ್ಲ. ನೆರೆಗೆ ಸಿಕ್ಕ 100 ಜನರಲ್ಲಿ 10 ಜನಕ್ಕೆ ನಿಜವಾಗಿ ಕಾಯಿಲೆಯಿದೆ, 90 ಜನಕ್ಕೆ ಇಲ್ಲ ಎಂದಿಟ್ಟುಕೊಳ್ಳಿ. ಜರಡಿ ಆ 10ರಲ್ಲಿ 9 ಜನರನ್ನು ಹಿಡಿಯಿತು. ಉಳಿದ 90ರಲ್ಲಿ 14 ಜನರನ್ನೂ ಹಿಡಿಯಿತು. ಒಟ್ಟು 23 ಜನ. ಇವರಲ್ಲಿ ನಿಜವಾಗಿ ಕಾಯಿಲೆಯವರು 9 ಮಂದಿ ಮಾತ್ರ.

ಹಾಗಾದರೆ ಪರೀಕ್ಷೆ ಕೆಟ್ಟದ್ದೆ? ಅಲ್ಲ. ನೂರು ಜನರನ್ನು ಒಂದೊಂದು ಗಂಟೆ ಕೇಳುವ ಬದಲು 23 ಜನರನ್ನು ಕೇಳಿದರೆ ಸಾಕಾಯಿತು. ಆದರೆ ಜರಡಿಗೆ ಸಿಕ್ಕವರೆಲ್ಲರಿಗೂ ಕಾಯಿಲೆಯಿದೆಯೆಂದು ಊರಲ್ಲಿ ಸಾರಿದರೆ 14 ಜನಕ್ಕೆ ಅನ್ಯಾಯ ಮಾಡಿದಂತಾಗುವುದು. ಜರಡಿ ಬಿಟ್ಟವರಿಗೆಲ್ಲ ಏನೂ ಇಲ್ಲವೆಂದು ಕೈತೊಳೆದುಕೊಂಡರೆ ತಪ್ಪಿಹೋದ ಆ ಒಬ್ಬರಿಗೆ ಅನ್ಯಾಯವಾಗುವುದು. ಅವರಿಗೆ ಮುಂದೆ ತೊಂದರೆ ಕಂಡರೆ ಮತ್ತೆ ಕೇಳಬೇಕು.

ಹುಡುಕಿಕೊಂಡು ಹೋದರೆ ಆಗುವ ಪ್ರಯೋಜನ

ಈ ಕಾಯಿಲೆಯವರು ತಾವಾಗಿ ಆಸ್ಪತ್ರೆಗೆ ಬರುವುದು ಕಡಿಮೆ. ನೆನಪಿನಿಂದ ದೂರ ಓಡುವುದೇ ಕಾಯಿಲೆಯ ಲಕ್ಷಣವಾದ ಮೇಲೆ, ಅದನ್ನು ವೈದ್ಯರ ಮುಂದೆ ಹೇಳಲು ಯಾರು ಬರುತ್ತಾರೆ?

2005ರ ಜುಲೈ 7ರಂದು ಲಂಡನ್ ನಗರದ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿದು 52 ಮಂದಿ ಸತ್ತರು. ಬದುಕುಳಿದವರು ತಾವಾಗಿ ಬರಲೆಂದು ಅಲ್ಲಿನ ವೈದ್ಯರು ಕಾಯಲಿಲ್ಲ. ವಿಳಾಸ ಹುಡುಕಿ ಪತ್ರ ಬರೆದು, ಚಿಕ್ಕ ಪ್ರಶ್ನಾವಳಿಯನ್ನು ಉತ್ತರಿಸಲು ಕೋರಿದರು. ಆ ಪ್ರಶ್ನಾವಳಿಯಲ್ಲಿದ್ದ 10 ಪ್ರಶ್ನೆಗಳನ್ನು 2002ರಲ್ಲಿ ರೈಲು ಅಪಘಾತದಿಂದ ಪಾರಾದವರ ಮೇಲೆ ಪರೀಕ್ಷಿಸಿ ನೋಡಿದ್ದರು. ಉತ್ತರದಲ್ಲಿ ಸಂಶಯ ಕಂಡವರನ್ನು ಕರೆಸಿ ಪೂರ್ತಿ ವಿಚಾರಿಸಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟರು. ಹೀಗೆ ಚಿಕಿತ್ಸೆಗೆ ಬಂದವರಲ್ಲಿ ತಮ್ಮ ಮಾಮೂಲು ವೈದ್ಯರಿಂದ ಬಂದವರು ಬಹಳ ಸ್ವಲ್ಪ. ಹುಡುಕದಿದ್ದರೆ ಉಳಿದವರು ಕತ್ತಲಲ್ಲೇ ಉಳಿಯುತ್ತಿದ್ದರು.

ನಮ್ಮ ದೇಶದಲ್ಲಿಯೂ 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಇವುಗಳ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಸ್ಥಳೀಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ನೊಂದವರ ಮನೆಬಾಗಿಲಿಗೆ ಆಸರೆ ತಲುಪಿಸುವ ಕೆಲಸ ಮಾಡಿದರು.

ಕೇಳುವವರು ಪಾಲಿಸಬೇಕಾದ ನಿಯಮಗಳು

ಕೇಳುವ ರೀತಿ ತಪ್ಪಿದರೆ ಒಳ್ಳೆಯ ಪ್ರಶ್ನೆಯೂ ಕೆಡುತ್ತದೆ. ಆದುದರಿಂದ:

1. ಮೂರು ಜನರ ಎದುರಿಗೆ, ಜಗಲಿಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಕೇಳಬಾರದು. ಹೆಂಗಸರನ್ನು ಸಾಧ್ಯವಾದ ಮಟ್ಟಿಗೆ ಹೆಂಗಸರೇ, ಗಂಡನೂ ಅತ್ತೆಯೂ ಇಲ್ಲದ ಕಡೆ ಕೇಳಬೇಕು. ಹೊಡೆತ ಮನೆಯೊಳಗಿನದೇ ಆಗಿದ್ದರೆ ಅವರ ಎದುರಿಗೆ ಆಕೆ ಏನು ಹೇಳಿಯಾಳು?

2. ಘಟನೆ ನಡೆದ ಮಾರನೆಯ ದಿನವೇ ಈ ಪರೀಕ್ಷೆ ಬೇಡ. ಆಗ ಬೇಕಾದದ್ದು ಅನ್ನ, ನೀರು, ಸೂರು, ತನ್ನವರ ಸುದ್ದಿ.

3. ನಡೆದದ್ದನ್ನೆಲ್ಲ ಹೇಳಿ ಅತ್ತುಬಿಡು, ಹಗುರಾಗುತ್ತದೆ ಎಂದು ಬಲವಂತ ಮಾಡಬಾರದು. ಹೀಗೆ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಕಾಯಿಲೆ ತಪ್ಪುವುದಿಲ್ಲವೆಂದು ಕಂಡುಬಂದಿದೆ. ತಾನಾಗಿ ಹೇಳಿದರೆ ಕೇಳಿರಿ.

4. ಕೇಳುವ ಮಾತು ಊರಿನ ಮಾತಾಗಿರಬೇಕು. ಮನಸ್ಸು ಮರಗಟ್ಟುವುದೆಂದರೆ ಕೆಲವರಿಗೆ ಅರ್ಥವಾಗದಿರಬಹುದು. "ಯಾವುದೂ ಬೇಡ ಅನ್ನಿಸುತ್ತಾ?" ಎಂದರೆ ಹೌದೆಂದಾರು. ಪರದೇಶದ ಪ್ರಶ್ನೆಯನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ಜನರಲ್ಲಿಯೇ ಪರೀಕ್ಷಿಸಿ ನೋಡಿ ಬಳಸಬೇಕು. ಈ ಲೇಖನದ ಮಾತುಗಳನ್ನು ಹಿಡಿದು ಯಾರೂ ರೋಗ ನಿರ್ಣಯಕ್ಕೆ ಹೊರಡತಕ್ಕದ್ದಲ್ಲ.

5. ಮುಂದೆ ಕಳುಹಿಸಲು ವೈದ್ಯರಿಲ್ಲದ ಕಡೆ ಕೇಳಿ ಬಿಟ್ಟುಬಿಡುವುದು ಸರಿಯಲ್ಲ. ಎಲ್ಲಿಗೆ ಕಳುಹಿಸುವುದೆಂದು ಮೊದಲೇ ತಿಳಿದಿರಬೇಕು.

6. ಈ ಐದು ಪ್ರಶ್ನೆಗಳಲ್ಲಿ ಸಾಯುವ ಯೋಚನೆಯನ್ನು ಕೇಳುವ ಪ್ರಶ್ನೆಯಿಲ್ಲ. ಯಾರಾದರೂ ಜೀವ ಬೇಡವೆಂದು ಆಡಿದರೆ ಅಂಕದ ಲೆಕ್ಕ ಬಿಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಅವರ ಕೈಗೆ ಸಿಗದಂತೆ ಬೀಗದೊಳಗಿಡಿ, ಅಂದೇ ವೈದ್ಯರನ್ನು ಕಾಣಿಸಿ.

ಜರಡಿಯ ಮುಂದಿನ ಕೆಲಸ

ವೈದ್ಯರು ಸಾವಕಾಶವಾಗಿ ವಿಚಾರಿಸುತ್ತಾರೆ. ನಿದ್ರೆ ಕೆಟ್ಟಿರುವುದು ಬೇರೆ ಕಾರಣದಿಂದಲೂ ಇರಬಹುದು. ಖಿನ್ನತೆಯಿರಬಹುದು, ಕುಡಿತವಿರಬಹುದು, ತಲೆಗೆ ಬಿದ್ದ ಪೆಟ್ಟಿರಬಹುದು. ಇವನ್ನೆಲ್ಲ ಬೇರೆ ಮಾಡಿ ನೋಡಿದ ಮೇಲೆಯೇ ಕಾಯಿಲೆಯ ಹೆಸರು ಹೇಳುತ್ತಾರೆ.

ಕಾಯಿಲೆಯೆಂದು ಗೊತ್ತಾದರೆ ಎದೆಗುಂದಬೇಕಾಗಿಲ್ಲ. ಇದಕ್ಕೆ ಚಿಕಿತ್ಸೆಯಿದೆ. ತರಬೇತಿ ಪಡೆದವರು ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ 8ರಿಂದ 12 ಸಲ ಮಾತನಾಡಿಸಿ, ಹೆದರಿಸುವ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಲು ಕಲಿಸುತ್ತಾರೆ. ಬೆಚ್ಚುವ ಹೋರಿಯನ್ನು ಮೊದಲ ದಿನವೇ ಸಂತೆಗೆ ಒಯ್ಯದೆ, ಮನೆ ಮುಂದೆ, ಬೀದಿಯಲ್ಲಿ, ಆಮೇಲೆ ದಾರಿಯಲ್ಲಿ ನಡೆಸಿ ಪಳಗಿಸುವಂತೆ ಎಂದು ತಿಳಿಯಿರಿ. ಕೆಲವರಿಗೆ ಖಿನ್ನತೆಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಒಗ್ಗುತ್ತವೆ. ಹೆಂಡ ಕುಡಿದರೆ ಒಂದು ರಾತ್ರಿ ನಿದ್ರೆ ಬಂದೀತು, ಕಾಯಿಲೆ ಮಾತ್ರ ಬಲಿಯುವುದು.

ಎಲ್ಲಿಗೆ ಹೋಗಬೇಕು? ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಮೊದಲು ಕೇಳಿರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಎಲ್ಲಿ, ಯಾವ ದಿನ ಕಾಣಬಹುದೆಂದು ಅವರು ತಿಳಿಸುವರು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಫೋನು ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಬಾಂಧವರೆ, ಎತ್ತು ಮೇವು ಬಿಟ್ಟರೆ ಅದು ಸೋಮಾರಿಯೆಂದು ನೀವು ಬೈಯುವುದಿಲ್ಲ. ಬಾಯಿ ತೆರೆದು ನೋಡುತ್ತೀರಿ, ಗೊರಸು ಎತ್ತಿ ನೋಡುತ್ತೀರಿ, ಪಶುವೈದ್ಯರನ್ನು ಕರೆಯುತ್ತೀರಿ. ನಿಮ್ಮ ಅಣ್ಣನೋ ತಮ್ಮನೋ ನೆರೆಯವನೋ ಗದ್ದೆಯ ದಾರಿ ಬಿಟ್ಟು ಮೂಲೆ ಸೇರಿದ್ದರೆ ಅವನಿಗೂ ಅಷ್ಟು ಮಾಡಿರಿ. ಪುಕ್ಕಲನೆನ್ನುವ ಮುಂಚೆ, ಅವನು ಕಂಡುಬಂದದ್ದು ಏನೆಂದು ನೆನೆಯಿರಿ. ಗಾಳಿ ಬಿಡಿಸಲು ಕರೆದೊಯ್ಯುವ ಮುಂಚೆ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕೇಳಲು ಐದು ನಿಮಿಷ ಸಾಕು. ಕೇಳದಿದ್ದರೆ ಒಬ್ಬ ಮನುಷ್ಯನ ದುಡಿಮೆಯೂ ನಿದ್ರೆಯೂ ಒಂದು ಸಂಸಾರದ ನೆಮ್ಮದಿಯೂ ವರ್ಷಗಟ್ಟಲೆ ಹಾಳಾಗುವುದುಂಟು.